ಸ್ಟ್ಯಾನಿ ಕಂಡ ಮೂರನೆಯ ಡಾಕ್ಟರು

ಸ್ಟ್ಯಾನಿಸ್ಲಾಸ್ ಎಂಬ ಹೆಸರನ್ನು ಅವನು ತನಗೆ ತಾನೇ ಇಟ್ಟುಕೊಂಡದ್ದು ಹದಿಮೂರನೆಯ ವಯಸ್ಸಿನಲ್ಲಿ. ಕೆಮ್ಮಣ್ಣು ಊರಿನ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಬರೆದದ್ದು ಗ್ಲ್ಯಾಡಿಸ್ ಕರ್ನೇಲಿಯೊ ಎಂದು. ಬರ್ತಾಬಾಯಿಯ ಎರಡನೆಯ ಮಗು, ಹೆಣ್ಣು. ಹೊಸ ಹೆಸರು ಹುಡುಕುವಾಗ ಅವನು ನೋಡಿದ್ದು ಒಂದೇ ವಿಷಯ. ಆ ಹೆಸರು ಊರಿನಲ್ಲಿ ಬೇರೆ ಯಾರಿಗೂ ಇರಬಾರದು. ಇದ್ದರೆ, ಯಾರೋ ಅವರನ್ನು ಕರೆದಾಗ ತಾನು ತಿರುಗಿ ನೋಡಿ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ. ಹಾಗೆ ಆರಿಸಿದ ಹೆಸರನ್ನು ಮತ್ತೆ ಹದಿಮೂರು ವರ್ಷ ಅವನು ಯಾರಿಗೂ ಹೇಳಲಿಲ್ಲ.

ಉಡುಪಿಯಲ್ಲಿ ಮಧ್ವರಾಜ ಎಂಬವರ ಸಣ್ಣ ಪ್ರೆಸ್ಸಿನಲ್ಲಿ ಅವನಿಗೆ ಅಚ್ಚಿನ ಮೊಳೆ ಜೋಡಿಸುವ ಕಂಪೋಸಿಟರ್ ಕೆಲಸ. ಎಸ್ಸೆಸ್ಸೆಲ್ಸಿ ಮುಗಿಸಿ ಹದಿನೇಳಕ್ಕೆ ಸೇರಿದವನು. ಎಡಗೈಯಲ್ಲಿ ಅಕ್ಷರ ಕೂರಿಸುವ ಸ್ಟಿಕ್ಕು ಹಿಡಿದು, ಕಣ್ಣು ಕಾಗದದ ಮೇಲಿಟ್ಟು, ಬಲಗೈಯಿಂದ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡುತ್ತಿದ್ದ. ಮಸಿ ತಾಗದ ಹಾಗೆ ಎಲ್ಲರಿಗೂ ಒಂದೊಂದು ಖಾಕಿ ಕೋಟು ಇತ್ತು, ಕುತ್ತಿಗೆಯಿಂದ ಮೊಣಕಾಲಿನವರೆಗೆ. ಬೇರೆಯವರು ಸೆಕೆ ಎಂದು ಅದನ್ನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರೂ ಅವನು ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಕೂದಲು ಗಿಡ್ಡ ಕತ್ತರಿಸಿಕೊಳ್ಳಲು ವರ್ಷಕ್ಕೊಂದು ಕಾರಣ ಹೇಳುತ್ತಿದ್ದ. ಒಂದು ವರ್ಷ ಹೇನು, ಇನ್ನೊಂದು ವರ್ಷ ತಲೆನೋವು.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವನಿಗೆ ಐದನೆಯ ಸಂಬಂಧ ಬಂತು. ಹುಡುಗ ಕಾರ್ಕಳದ ಕಡೆಯವನು, ಬಹರೈನಿನಲ್ಲಿ ಕೆಲಸ. ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ನೋಡಲು ಬರುತ್ತಾರೆ ಎಂದು ಗೊತ್ತಾಗಿತ್ತು. ಶನಿವಾರ ಸಂಜೆ ಬರ್ತಾಬಾಯಿ ಅಡಿಗೆಮನೆಯಲ್ಲಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಗಂಡ ತೀರಿಕೊಂಡು ಎಂಟು ವರ್ಷ. ದೊಡ್ಡ ಮಗ ಜಾರ್ಜ್ ಬೊಂಬಾಯಿಯಲ್ಲಿ. ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಸ್ಟ್ಯಾನಿ ಬಾಗಿಲ ಹತ್ತಿರ ನಿಂತು, ಮನೆಯ ಕೊಂಕಣಿಯಲ್ಲಿ, ತುಂಬ ದಿನದಿಂದ ಮನಸ್ಸಿನಲ್ಲೇ ಜೋಡಿಸಿ ಇಟ್ಟದ್ದನ್ನು ಹೇಳಿಬಿಟ್ಟ.

"ಮಾಂಯ್, ನಾಳೆ ಅವರು ಬರುವುದು ಬೇಡ. ಹುಡುಗ ಸರಿ ಇಲ್ಲ ಅಂತಲ್ಲ. ನಾನು ಹೆಣ್ಣಲ್ಲ."

ಬರ್ತಾಬಾಯಿಯ ಕೈ ನಿಂತಿತು. "ಎಂತ ಹೇಳಿದಿ?"

ಅವನು ಇನ್ನೊಮ್ಮೆ ಹೇಳಿದ.

"ತಿಂಗಳು ತಿಂಗಳು ಸರಿಯಾಗಿ ಆಗ್ತದಲ್ಲ ನಿನಗೆ?"

"ಶರೀರದ್ದು ಎಲ್ಲ ಸರಿ ಉಂಟು, ಮಾಂಯ್. ಆದರೆ ಅದು ನನ್ನದಲ್ಲ. ಬೇರೆ ಯಾರದ್ದೋ ಬಟ್ಟೆ ಹಾಕಿಕೊಂಡು ಕೂತ ಹಾಗೆ. ಸಣ್ಣದಿರುವಾಗಿನಿಂದಲೂ ಹಾಗೆಯೇ."

ಬರ್ತಾಬಾಯಿ ಅಳಲಿಲ್ಲ, ಬೊಬ್ಬೆ ಹಾಕಲಿಲ್ಲ. ಉಳಿದ ಅರ್ಧ ಕಾಯಿಯನ್ನು ಕರಟದ ಕಪ್ಪು ಕಾಣುವವರೆಗೆ ತುರಿದು ಮುಗಿಸಿದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದರು: "ಇದಕ್ಕೆ ಡಾಕ್ಟರು ಇರ್ತಾರಾ?"

"ಇರಬಹುದು. ನನಗೆ ಗೊತ್ತಿಲ್ಲ."

"ಹಾಗಾದರೆ ಹುಡುಕುವ. ಆ ಜನಕ್ಕೆ ಬರುವುದು ಬೇಡ ಅಂತ ಈಗಲೇ ಹೇಳಿ ಕಳುಹಿಸ್ತೇನೆ."

ಮಗಳಿಗೆ ಏನೋ ರೋಗ ಬಂದಿದೆ, ರೋಗವೆಂದ ಮೇಲೆ ಔಷಧ ಇರಲೇಬೇಕು ಎಂದು ಆ ತಾಯಿ ತಿಳಿದುಕೊಂಡದ್ದು. ಸ್ಟ್ಯಾನಿ ಬೇಡಿದ್ದು ಆ ಔಷಧವಲ್ಲ. ಶರೀರವನ್ನು ಮನಸ್ಸಿಗೆ ಹೊಂದಿಸುವ ಚಿಕಿತ್ಸೆ ಯಾವುದೋ ದೇಶದಲ್ಲಿ ಆಗುತ್ತದೆ ಎಂದು ಅವನು ಹಿಂದೊಮ್ಮೆ ಹಳೆಯ ಪತ್ರಿಕೆಯ ಮೂಲೆಯಲ್ಲಿ ಓದಿದ್ದ. ಆದರೂ ತಾಯಿ ಮಗು ಇಬ್ಬರೂ ಒಂದೇ ಬಸ್ಸು ಹತ್ತಿದರು.

ಮೊದಲನೆಯ ಡಾಕ್ಟರು ಉಡುಪಿಯಲ್ಲಿ. ನರ ಮತ್ತು ಮಾನಸಿಕ ರೋಗ ಎಂದು ಬೋರ್ಡು ಇದ್ದ ಖಾಸಗಿ ಕ್ಲಿನಿಕ್ಕು. ಡಾಕ್ಟರು ಸ್ಟ್ಯಾನಿಯನ್ನು ಒಮ್ಮೆ ನೋಡಿದವರು ಮತ್ತೆ ಬರ್ತಾಬಾಯಿಯ ಕಡೆಗೇ ತಿರುಗಿ ಮಾತಾಡಿದರು.

"ಇವಳಿಗೆ ನಿದ್ದೆ ಬರ್ತದಾ?"

"ಬರ್ತದೆ" ಎಂದ ಸ್ಟ್ಯಾನಿ.

"ಊಟ ಮಾಡ್ತಾಳಾ?" ಎಂದು ಡಾಕ್ಟರು ಬರ್ತಾಬಾಯಿಯನ್ನೇ ಕೇಳಿದರು.

ಐದು ನಿಮಿಷದಲ್ಲಿ ಚೀಟಿ ಬರೆದಾಯಿತು. ಹೊರಡುವಾಗ ಅವರು ಸಮಾಧಾನದ ದನಿಯಲ್ಲೇ ಹೇಳಿದರು: "ಹೆದರಬೇಡಿ ಬಾಯಿ. ಮದುವೆ ಮಾಡಿಸಿ. ಒಂದು ಮಗು ಆದರೆ ಇದೆಲ್ಲ ಮರೆತುಹೋಗ್ತದೆ."

ಆ ಮಾತ್ರೆ ನುಂಗಿದರೆ ಬೆರಳುಗಳಿಗೆ ಕಲ್ಲು ಕಟ್ಟಿದ ಹಾಗಾಗುತ್ತಿತ್ತು. ಎರಡನೆಯ ವಾರ ಒಂದು ಮದುವೆ ಕಾಗದದಲ್ಲಿ ಅವನು ವರನ ತಂದೆಯ ಹೆಸರನ್ನು ವಧುವಿನ ಕೆಳಗೆ, ವಧುವಿನ ತಂದೆಯ ಹೆಸರನ್ನು ವರನ ಕೆಳಗೆ ಜೋಡಿಸಿಬಿಟ್ಟ. ಮಧ್ವರಾಜರು ಪ್ರೂಫಿನಲ್ಲಿ ಅದನ್ನು ಹಿಡಿದರು. ಒಂಬತ್ತು ವರ್ಷದಲ್ಲಿ ಇಂಥ ತಪ್ಪು ಕಂಡವರಲ್ಲ. "ಹುಷಾರಿಲ್ಲದಿದ್ದರೆ ಎರಡು ದಿನ ಮನೆಯಲ್ಲಿ ಕೂತುಕೋ ಮಾರಾಯ್ತಿ" ಎಂದರು, ಅಷ್ಟೇ. ಆ ಭಾನುವಾರ ಪೂಜೆಯಲ್ಲಿ ಅವನು ನಿಂತಲ್ಲೇ ತೂಕಡಿಸಿ ಮುಂದಿನ ಬೆಂಚಿಗೆ ಹಣೆ ಬಡಿದುಕೊಂಡ. ಮನೆಗೆ ಬಂದ ಬರ್ತಾಬಾಯಿ ಉಳಿದ ಮಾತ್ರೆಗಳನ್ನು ಒಲೆಗೆ ಹಾಕಿದರು. "ಇದು ರೋಗ ಗುಣ ಮಾಡಲು ಕೊಟ್ಟದ್ದಲ್ಲ. ನಿನ್ನನ್ನು ಸುಮ್ಮನೆ ಕೂರಿಸಲು ಕೊಟ್ಟದ್ದು."

ಎರಡನೆಯ ಡಾಕ್ಟರು ಸಿಕ್ಕಿದ್ದು ಕಾರ್ಕಳದಲ್ಲಿ. ದೂರದ ಊರಿನಿಂದ ಹದಿನೈದು ದಿನಕ್ಕೊಮ್ಮೆ ಗುರುವಾರ ಬಂದು, ಒಂದು ಲಾಡ್ಜಿನ ಮಾಳಿಗೆಯಲ್ಲಿ ರೋಗಿಗಳನ್ನು ನೋಡಿ ಹೋಗುತ್ತಿದ್ದರು. ಅವರು ಸ್ಟ್ಯಾನಿಯ ಮುಖ ನೋಡಿಯೇ ಮಾತಾಡಿದರು, ಹತ್ತು ನಿಮಿಷ ಅಡ್ಡ ಬಾಯಿ ಹಾಕದೆ ಕೇಳಿದರು ಕೂಡ. ಸ್ಟ್ಯಾನಿಗೆ ಆಸೆ ಹುಟ್ಟಿತು. ಆಮೇಲೆ ಅವರು ಪೆನ್ನಿನ ಮುಚ್ಚಳ ಹಾಕಿ, ಇದೊಂದು ಭ್ರಮೆ, ಎಂಟು ಸಲ ಕರೆಂಟು ಕೊಟ್ಟು ನೋಡುವ, ಅದರಿಂದ ಹೋಗದಿದ್ದರೆ ಬೇರೆ ವಿಧಾನ ಉಂಟು ಎಂದರು. ಗಂಡಸರ ಬಟ್ಟೆ ಹಾಕಿಸಿ ನಿಲ್ಲಿಸುವುದು, ಹಾಕಿದಾಗೆಲ್ಲ ಕೈಗೆ ಸಣ್ಣದಾಗಿ ಶಾಕ್ ಮುಟ್ಟಿಸುವುದು. ಮೆಲ್ಲ ಮೆಲ್ಲ ಆಸೆ ಸತ್ತುಹೋಗುತ್ತದೆ.

"ನೋವಾಗ್ತದಾ ಡಾಕ್ಟ್ರೇ?" ಬರ್ತಾಬಾಯಿ ಕೇಳಿದರು.

"ಸ್ವಲ್ಪ ಆಗ್ತದೆ. ಆಗಬೇಕು. ಆ ನೋವೇ ಔಷಧ."

ಬರ್ತಾಬಾಯಿ ಕೊಡೆ ತೆಗೆದುಕೊಂಡು ಎದ್ದು ನಿಂತರು. "ಏಳು, ಹೋಗುವ" ಎಂದರು.

ಬಸ್ಸು ಉಡುಪಿ ಮುಟ್ಟುವಾಗ ಅವರು ಕೊಡೆಯನ್ನು ಕೈಗೆತ್ತಿಕೊಂಡರು. ಇಳಿಯುವ ಮೊದಲು, "ಇನ್ನು ಡಾಕ್ಟರು ಬೇಡ. ಮದುವೆಯೂ ಬೇಡ. ನೀನು ಇರುವ ಹಾಗೆಯೇ ಇರು" ಎಂದರು. ಅದು ಪ್ರೀತಿಯಿಂದ ಬಂದ ಮಾತು ಎಂದು ಸ್ಟ್ಯಾನಿಗೆ ಗೊತ್ತಿತ್ತು. ಇರುವ ಹಾಗೆ ಇರುವುದೇ ತನ್ನಿಂದ ಆಗದ್ದು ಎಂದು ತಾಯಿಗೆ ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ.

ಮಳೆಗಾಲ ಕಳೆದ ಮೇಲೆ ಪ್ರೆಸ್ಸಿಗೆ ಒಂದು ಸ್ಮರಣ ಸಂಚಿಕೆ ಅಚ್ಚಿಗೆ ಬಂತು. ಮಣಿಪಾಲದಲ್ಲಿ ನಡೆಯಲಿದ್ದ ಮನಸ್ಸಿನ ಆರೋಗ್ಯದ ವಿಚಾರ ಸಂಕಿರಣದ್ದು. ಶಾಸಕರ ಶುಭಾಶಯ, ಅಂಗಡಿಗಳ ಜಾಹೀರಾತು ಎಲ್ಲ ಮುಗಿದ ಮೇಲೆ ಸ್ಟ್ಯಾನಿಯ ಪಾಲಿಗೆ ಬಂದದ್ದು ಡಾ. ನಳಿನಾಕ್ಷಿ ಎಂಬವರ ಮೂರು ಪುಟದ ಲೇಖನ. ಕೈಬರಹ ಎಡಕ್ಕೆ ವಾಲಿತ್ತು. ಕಂಪೋಸಿಟರಿಗೆ ಅರ್ಥದ ಗೊಡವೆ ಇರುವುದಿಲ್ಲ, ಅಕ್ಷರ ಸರಿ ಕೂತರೆ ಆಯಿತು. ಆದರೆ ಎರಡನೆಯ ಪುಟದ ಮಧ್ಯದಲ್ಲಿ ಅವನ ಕೈ ನಿಧಾನವಾಯಿತು. 'ನಮ್ಮ ಬಳಿಗೆ ಬಂದವರು ಹೇಳುವುದನ್ನು ಮೊದಲು ಪೂರ್ತಿ ಕೇಳಬೇಕು. ನಾವು ಓದಿದ ಪುಸ್ತಕದಲ್ಲಿ ಅದು ಇಲ್ಲವೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ನಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು.' ಮೂರು ವಾಕ್ಯ. ಜೋಡಿಸಿ ಮುಗಿಸಿ, ಸೀಸದಲ್ಲಿ ತಿರುಗುಮುರುಗಾಗಿ ಕೂತಿದ್ದ ಅವುಗಳನ್ನು ಅವನು ಇನ್ನೊಮ್ಮೆ ಬಲದಿಂದ ಎಡಕ್ಕೆ ಓದಿಕೊಂಡ. ಲೇಖನದ ಕೊನೆಯಲ್ಲಿ ಅವರು ಮಣಿಪಾಲದಲ್ಲಿ ಮನಶ್ಶಾಸ್ತ್ರ ಕಲಿಸುತ್ತಾರೆಂದೂ ಬುಧವಾರ ಮಧ್ಯಾಹ್ನ ಸಮಾಲೋಚನೆಗೆ ಸಿಗುತ್ತಾರೆಂದೂ ಇತ್ತು.

ಈ ಸಲ ತಾಯಿಗೆ ಹೇಳಲಿಲ್ಲ. ಮುಂದಿನ ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬನೇ ಮಣಿಪಾಲದ ಗುಡ್ಡ ಹತ್ತುವ ಬಸ್ಸು ಹಿಡಿದ.

ನಳಿನಾಕ್ಷಿಯವರ ಕೋಣೆ ಮೆಟ್ಟಿಲಿನ ಬುಡದಲ್ಲಿತ್ತು. ಕಿಟಕಿಯಾಚೆ ಹಗ್ಗದ ತುಂಬ ಬಿಳಿ ಬೆಡ್‌ಶೀಟುಗಳು ಒಣಗುತ್ತಿದ್ದವು. ನಲವತ್ತರ ಆಸುಪಾಸಿನ ಹೆಂಗಸು, ಕಾಪುವಿನ ಕಡೆಯ ತುಳು ಮನೆಯವರು, ಎಡಗೈಯಲ್ಲಿ ಬರೆಯುವವರು. ಕೂರಲು ಹೇಳಿ, ಮೊದಲು ಕೇಳಿದ್ದು: "ನಾನು ನಿಮ್ಮನ್ನು ಎಂತ ಅಂತ ಕರೆಯಲಿ?"

ಟೋಕನ್ನಿನ ಚೀಟಿಯಲ್ಲಿ ಗ್ಲ್ಯಾಡಿಸ್ ಎಂದು ಬರೆದಿತ್ತು. ಅದು ಅವರ ಮೇಜಿನ ಮೇಲೆಯೇ ಇತ್ತು. ಸ್ಟ್ಯಾನಿ ಅದನ್ನು ನೋಡಿದ, ಅವರನ್ನು ನೋಡಿದ. ಇವರು ಎಲ್ಲರಿಗೂ ಹೀಗೆ ಕೇಳುತ್ತಾರೋ ಏನೋ.

"ಹೆಸರು ಆಮೇಲೆ ಹೇಳ್ತೇನೆ" ಎಂದ. "ಮೊದಲು ನಾನು ಕೇಳಬಹುದಾ?"

"ಕೇಳಿ."

ಅವನು ಕಿಸೆಯಿಂದ ಪ್ರೂಫ್ ಕಾಗದದ ತುಂಡೊಂದನ್ನು ತೆಗೆದ. ಮೊದಲಿನ ಇಬ್ಬರಿಂದ ಕಲಿತದ್ದನ್ನು ಪ್ರಶ್ನೆ ಮಾಡಿ ಬರೆದುಕೊಂಡಿದ್ದ. "ನಾನು ಹೇಳಿದ್ದನ್ನು ನನ್ನ ತಾಯಿಗೆ ಹೇಳ್ತೀರಾ?"

"ನೀವು ಹೇಳಿ ಅಂದರೆ ಮಾತ್ರ."

"ನನ್ನನ್ನು ಬದಲು ಮಾಡಲು ನೋಡ್ತೀರಾ?"

"ಎಂತದರಿಂದ ಎಂತದಕ್ಕೆ ಅಂತ ಗೊತ್ತಾಗದೆ ಹೇಗೆ ಹೇಳಲಿ? ಆದರೆ ಒತ್ತಾಯದಿಂದ ಯಾರನ್ನೂ ಬದಲು ಮಾಡಿ ನನಗೆ ಅಭ್ಯಾಸ ಇಲ್ಲ. ಹಾಗೆ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಅವರು ಬದಲಾಗಿರುವುದಿಲ್ಲ, ಹೆದರಿರ್ತಾರೆ."

ಸ್ಟ್ಯಾನಿ ಕಾಗದ ಮಡಚಿದ. ಆಮೇಲೆ ಹೇಳತೊಡಗಿದ. ಹೇಳುತ್ತ ಹೇಳುತ್ತ ಅವನ ಕನ್ನಡ ಪುಸ್ತಕದ ಕನ್ನಡವಾಗುತ್ತ ಹೋಯಿತು. ನಳಿನಾಕ್ಷಿ ಕೈ ಎತ್ತಿ ನಿಲ್ಲಿಸಿದರು.

"ನೀವು ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡ್ತೀರಿ?"

"ಕೊಂಕಣಿ."

"ಹಾಗಾದರೆ ಒಂದು ಮಾತು ಕೊಂಕಣಿಯಲ್ಲಿ ಹೇಳಿ."

"ನಿಮಗೆ ಬರ್ತದಾ?"

"ಇಲ್ಲ. ಬರದಿದ್ದರೂ ಕೇಳ್ತೇನೆ."

ಈ ಕೋಣೆಯಲ್ಲಿ ಕನ್ನಡ ಅವನಿಗೆ ಆಸರೆಯಾಗಿತ್ತು. ಕನ್ನಡದಲ್ಲಿ ನಾನು ಬಂದೆ ಎಂದರೆ ಬಂದೆ, ಅಷ್ಟೇ. ಬಂದದ್ದು ಗಂಡೋ ಹೆಣ್ಣೋ ಎಂದು ಆ ಮಾತು ಕೇಳುವುದಿಲ್ಲ. ಕೊಂಕಣಿಯಲ್ಲಿ ಹಾಗಲ್ಲ. ತನ್ನ ಬಗ್ಗೆಯೇ ಹೇಳುವಾಗಲೂ ಗಂಡಸು ಒಂದು ಬಗೆ ಹೇಳಬೇಕು, ಹೆಂಗಸು ಇನ್ನೊಂದು ಬಗೆ. ಇಷ್ಟು ವರ್ಷ ಅವನು ಮನೆಯಲ್ಲಿ ಹೆಂಗಸರ ಹಾಗೆ ಹೇಳಿ, ಮನಸ್ಸಿನಲ್ಲಿ ಅದನ್ನು ತಿದ್ದಿಕೊಳ್ಳುತ್ತಿದ್ದ.

"ಹಾಂವ್ ಆಯ್ಲೊಂ" ಎಂದ. ದನಿ ಹೊರಟದ್ದೇ ಸಣ್ಣದಾಗಿ.

"ಹಾಗೆಂದರೆ?"

"ನಾನು ಬಂದೆ ಅಂತ. ಗಂಡಸರು ಹೇಳುವ ರೀತಿ. ಹೆಂಗಸರಾದರೆ ಆಯ್ಲಿಂ ಅನ್ನಬೇಕು. ನಾನು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು."

"ಸ್ವಲ್ಪ ನಿಲ್ಲಿ" ಎಂದು ನಳಿನಾಕ್ಷಿ ಎಡಗೈಯಲ್ಲಿ ಅದನ್ನು ಬರೆದುಕೊಂಡರು. "ಇಂಥದ್ದರ ಬಗ್ಗೆ ನಾನು ಒಂದು ಪುಸ್ತಕ ಓದಿದ್ದೇನೆ, ಎರಡು ಲೇಖನ. ಅಷ್ಟೇ ನನ್ನ ಜ್ಞಾನ. ಎದುರು ಕೂತು ಹೇಳಿದವರಲ್ಲಿ ನೀವೇ ಮೊದಲನೆಯವರು. ನನಗಿಂತ ತಿಳಿದವರು ಬೇಕೆಂದರೆ ಹುಡುಕಿಕೊಡಲು ನೋಡ್ತೇನೆ. ನಾನು ಸಾಕೆಂದರೆ ಒಟ್ಟಿಗೆ ಕಲಿಯುವ."

"ನನ್ನ ಹೆಸರು ಸ್ಟ್ಯಾನಿಸ್ಲಾಸ್" ಎಂದ ಅವನು.

ಬುಧವಾರಗಳು ನಡೆದವು. ನಳಿನಾಕ್ಷಿ ಬೊಂಬಾಯಿಯ ಒಬ್ಬ ಹಿರಿಯ ಮನೋವೈದ್ಯರಿಗೆ ಕಾಗದ ಬರೆದರು, ಇನ್ನೆಲ್ಲಿಂದಲೋ ಲೇಖನಗಳ ಪ್ರತಿ ತರಿಸಿದರು. ಇಂಗ್ಲಿಷಿನಲ್ಲಿದ್ದ ಅವುಗಳ ಸಾರಾಂಶವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಕೆಲವು ಕಡೆ ಸ್ಟ್ಯಾನಿ, "ಇದು ಬರೆದವರಿಗೆ ಗೊತ್ತಿಲ್ಲ" ಎನ್ನುತ್ತಿದ್ದ. "ಇರಬಹುದು, ಹೇಳಿ" ಎನ್ನುತ್ತಿದ್ದರು.

ಎಲ್ಲವೂ ನೆಟ್ಟಗೆ ಹೋಯಿತು ಎಂದಲ್ಲ. ನಾಲ್ಕನೆಯ ತಿಂಗಳು ಒಂದು ದಿನ ಅವರು ಕೇಳಿದರು: "ಸ್ಟ್ಯಾನಿ, ಒಂದು ವೇಳೆ ನಿಮಗೆ ಬೇಕಾದ್ದು ಗಂಡಸರಿಗಿರುವ ಸ್ವಾತಂತ್ರ್ಯ ಮಾತ್ರ ಆಗಿದ್ದರೆ? ಒಬ್ಬರೇ ಓಡಾಡುವುದು, ಮದುವೆಯ ಕಾಟ ಇಲ್ಲದಿರುವುದು. ಅದಕ್ಕೆ ಶರೀರವನ್ನೇ ಬದಲಾಯಿಸಬೇಕಾ?"

ಸ್ಟ್ಯಾನಿ ಕುರ್ಚಿಯನ್ನು ಹಿಂದೆ ದೂಡಿದ. "ನೀವೂ ಅವರ ಹಾಗೆಯೇ ಅಲ್ವಾ" ಎಂದು ಎದ್ದು ಬಂದುಬಿಟ್ಟ. ಎಂಟು ಬುಧವಾರ ಹೋಗಲಿಲ್ಲ. ಪ್ರೆಸ್ಸಿನಲ್ಲಿ ಯಾರೊಂದಿಗೂ ಮಾತಿಲ್ಲ, ಮನೆಯಲ್ಲಿ ಊಟ ಅರ್ಧ. ಬರ್ತಾಬಾಯಿ, "ಎಂತ ಆಯಿತು ಬಾಯೆ?" ಎಂದು ಕೇಳಿದರೆ ಅಂಗಳಕ್ಕಿಳಿದು ದನಕ್ಕೆ ಹುಲ್ಲು ಹಾಕುತ್ತಿದ್ದ. ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳನ್ನು ಮುದ್ದಿನಿಂದ ಕರೆಯುವ ಮಾತು.

ಒಂದು ಮಧ್ಯಾಹ್ನ ಮಧ್ವರಾಜರು ಅಂಚೆಯ ಕಟ್ಟು ಬಿಚ್ಚುತ್ತ ಗಟ್ಟಿಯಾಗಿ ಕೇಳಿದರು: "ಇಲ್ಲಿ ಎಸ್. ಕರ್ನೇಲಿಯೊ ಯಾರು?"

ಸ್ಟಿಕ್ಕಿನಲ್ಲಿ ಅರ್ಧ ಸಾಲು ಇತ್ತು. ಸ್ಟ್ಯಾನಿ ಅದನ್ನು ಕೆಳಗಿಟ್ಟು ಎದ್ದು ಬಂದ. "ನಾನೇ."

ಮಧ್ವರಾಜರು ಲಕೋಟೆಯನ್ನೂ ಅವನ ಮುಖವನ್ನೂ ನೋಡಿದರು. "ಸರಿ" ಎಂದು ಕೊಟ್ಟರು. ಅಂಚಿನಲ್ಲಿ ಶಾಯಿ ತಾಗಿದ್ದನ್ನು ಕಂಡು, "ಕೈ ಒರೆಸಿಕೊಂಡು ಓದು" ಎಂದರು.

ಎಡಕ್ಕೆ ವಾಲಿದ ಅದೇ ಅಕ್ಷರ. 'ಆ ದಿನ ನಾನು ಕೇಳಿದ ಪ್ರಶ್ನೆ ಎಂದಾದರೂ ಕೇಳಬೇಕಾದದ್ದೇ. ಆದರೆ ನಾನು ಕೇಳಿದ್ದು ನಿಮಗಾಗಿ ಅಲ್ಲ, ನನ್ನ ಹೆದರಿಕೆಗಾಗಿ. ಬೊಂಬಾಯಿಯಿಂದ ಕಾಗದ ಬಂದಿತ್ತು. ನನ್ನ ಸಹಿಯ ಮೇಲೆ ನಿಮ್ಮ ಚಿಕಿತ್ಸೆ ಶುರುವಾಗಬಹುದು ಎಂದಿತ್ತು. ನಾನು ತಪ್ಪಿದರೆ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದನ್ನು ನಿಮಗೆ ಹೇಳುವ ಬದಲು ನಿಮ್ಮನ್ನೇ ಪರೀಕ್ಷೆ ಮಾಡಿದೆ. ಬರುವುದು ಬಿಡುವುದು ನಿಮ್ಮ ಇಷ್ಟ. ಬೇರೆಯವರನ್ನು ನೋಡಬೇಕೆಂದರೆ ಈವರೆಗಿನ ಎಲ್ಲವನ್ನೂ ಬರೆದುಕೊಡುತ್ತೇನೆ.'

ಸ್ಟ್ಯಾನಿ ಅದನ್ನು ಮೂರು ಸಲ ಓದಿದ. ತಪ್ಪು ಮಾಡದ ಡಾಕ್ಟರನ್ನು ಇಷ್ಟು ದಿನ ಹುಡುಕುತ್ತಿದ್ದೆನೋ ಏನೋ ಎಂದು ಅವನಿಗೆ ಅನಿಸಿತು. ಅಂಥವರು ಸಿಗಲಿಕ್ಕಿಲ್ಲ. ಪ್ರೂಫು ನೋಡಿ ತಿದ್ದುವವರು ಸಿಕ್ಕರೆ ಸಾಕು. ಬುಧವಾರ ಹೋದ. ಆ ಪ್ರಶ್ನೆಗೆ ಉತ್ತರವನ್ನೂ ಕೊಟ್ಟ. ಯಾರೂ ಇಲ್ಲದ ದ್ವೀಪದಲ್ಲಿ, ಮದುವೆ ಮಾಡುವವರೂ ತಡೆಯುವವರೂ ಇಲ್ಲದ ಕಡೆ ತಾನೊಬ್ಬನೇ ಇದ್ದರೂ ಈ ಶರೀರ ಹೀಗೆಯೇ ಅನಿಸುತ್ತದೆ ಎಂದ. ನಳಿನಾಕ್ಷಿ, "ಸ್ವಲ್ಪ ನಿಲ್ಲಿ" ಎಂದು ಬರೆದುಕೊಂಡರು.

ಬೊಂಬಾಯಿಯವರ ಷರತ್ತು ಒಂದಿತ್ತು. ಒಂದು ವರ್ಷ ಗಂಡಸಾಗಿಯೇ ಎಲ್ಲರ ನಡುವೆ ಬದುಕಿ ತೋರಿಸಬೇಕು, ಆಮೇಲೆ ಗಂಡಸರ ಹಾರ್ಮೋನಿನ ಇಂಜೆಕ್ಷನ್. ಷರತ್ತು ನ್ಯಾಯವೋ ಅಲ್ಲವೋ ಎಂದು ನಳಿನಾಕ್ಷಿಯವರಿಗೇ ಸಂಶಯವಿತ್ತು, ಅದನ್ನು ಮುಚ್ಚಿಡಲಿಲ್ಲ. ಕೆಮ್ಮಣ್ಣಿನಲ್ಲಿ ಅದು ಆಗುವ ಮಾತಲ್ಲ. ಮನೆ ಬಿಡಬೇಕು. ಮನೆ ಬಿಡಬೇಕೆಂದರೆ ತಾಯಿಗೆ ಹೇಳಬೇಕು.

"ನೀವೇ ಹೇಳಿ" ಎಂದ ಸ್ಟ್ಯಾನಿ. "ನಾನು ಪಕ್ಕದಲ್ಲಿ ಕೂರ್ತೇನೆ."

ಬರ್ತಾಬಾಯಿ ಬಂದರು. ಕೊಡೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತರು. ನಳಿನಾಕ್ಷಿ ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಇದು ಭ್ರಮೆಯಲ್ಲ, ಯಾರದ್ದೂ ತಪ್ಪಲ್ಲ, ಬಸುರಿಯಾಗಿದ್ದಾಗ ತಿಂದದ್ದರಿಂದ ಆದದ್ದಲ್ಲ. ಅವರು ಹೀಗೆ ಬದುಕಲು ತೀರ್ಮಾನಿಸಿದ್ದಾರೆ, ಅವರಿಗೆ ನಿಮ್ಮ ಸಹಾಯ ಬೇಕು.

ಬರ್ತಾಬಾಯಿ ನಡುವೆ ತಡೆದರು. "ಅವರು ಅಂದರೆ ಯಾರು ಡಾಕ್ಟ್ರೇ?"

"ನಿಮ್ಮ ಮಗು."

"ಇಷ್ಟು ಮರ್ಯಾದೆಯಿಂದ ಇದನ್ನು ಯಾರೂ ಕರೆದದ್ದಿಲ್ಲ" ಎಂದರು ಬರ್ತಾಬಾಯಿ. "ಕರೆಂಟು ಕೊಡ್ತೀರಾ?"

"ಇಲ್ಲ."

"ನೋವು?"

"ಆಪರೇಷನ್ ಮಾಡಿಸಿಕೊಂಡರೆ ಅದರ ನೋವು ಇರ್ತದೆ. ಅದು ಅವರೇ ಬೇಕೆಂದು ಪಡುವ ನೋವು. ಅದು ಕೂಡ ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು."

"ನನ್ನ ಮಗಳು ಸತ್ತಹಾಗೆ ಆಗ್ತದೆ ನನಗೆ" ಎಂದರು ಬರ್ತಾಬಾಯಿ. ನಳಿನಾಕ್ಷಿ ಹಾಗಲ್ಲ ಎನ್ನಲಿಲ್ಲ, ಸಮಾಧಾನ ಹೇಳಲೂ ಇಲ್ಲ. "ಹೌದು, ಹಾಗೆ ಆಗಬಹುದು. ಅದಕ್ಕೆ ನೀವು ಬೇರೆ ದಿನ ಒಬ್ಬರೇ ಬನ್ನಿ. ನಿಮ್ಮದನ್ನೂ ಕೇಳ್ತೇನೆ" ಎಂದರು.

ಬರ್ತಾಬಾಯಿ ಒಬ್ಬರೇ ಮೂರು ಸಲ ಹೋದರು. ಅಲ್ಲಿ ಏನು ಮಾತಾಡಿದರೆಂದು ಸ್ಟ್ಯಾನಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಯೆ ಎಂದು ಕರೆಯುವುದು ಮಾತ್ರ ನಿಂತಿತು. ಅದರ ಬದಲಿಗೆ ಏನು ಎಂದು ತಿಳಿಯದೆ ಎಷ್ಟೋ ತಿಂಗಳು ಅವರು, "ಏ, ಇಲ್ಲಿ ನೋಡು", "ಏ, ಊಟಕ್ಕೆ ಬಾ" ಎಂದೇ ದಿನ ಕಳೆದರು.

ಕಾರ್ಕಳದ ಪ್ರೆಸ್ಸೊಂದರಲ್ಲಿ ಕಂಪೋಸಿಟರು ಬೇಕಾಗಿದ್ದರು. ನಿಟ್ಟೆಯಲ್ಲಿ ಹೊಸದಾಗಿ ಕಾಲೇಜು ಶುರುವಾಗಿ, ಅರ್ಜಿ, ರಸೀದಿ ಪುಸ್ತಕ ಎಂದು ಅಲ್ಲಿಯ ಪ್ರೆಸ್ಸುಗಳಿಗೆ ಕೆಲಸ ಹೆಚ್ಚಾಗಿತ್ತು. ಸ್ಟ್ಯಾನಿ ಮಧ್ವರಾಜರ ಎದುರು ಹೋಗಿ ನಿಂತ. ಶಿಫಾರಸು ಕಾಗದ ಬೇಕೆಂದ. ಯಾವ ಹೆಸರಿಗೆ ಬೇಕು, ಯಾಕೆ ಬೇಕು ಎಂದು ಎರಡೇ ಮಾತಿನಲ್ಲಿ ಹೇಳಿ, ಬೈಗುಳ ಬಂದರೆ ಕೇಳಿಸಿಕೊಳ್ಳಲು ಸಿದ್ಧನಾದ.

ಮಧ್ವರಾಜರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ನನಗೆ ಇದೆಲ್ಲ ಅರ್ಥ ಆಗುವುದಿಲ್ಲ ಮಾರಾಯ" ಎಂದರು. ಮಾರಾಯ್ತಿ ಎನ್ನಲಿಲ್ಲ. ತಾವು ಹಾಗೆಂದದ್ದು ಅವರ ಗಮನಕ್ಕೆ ಬಂತೋ ಇಲ್ಲವೋ. "ನನಗೆ ಅರ್ಥ ಆಗುವುದು ಕೆಲಸ. ಅದನ್ನು ಬರೆಯುತ್ತೇನೆ." ಹನ್ನೊಂದು ವರ್ಷ ಪ್ರಾಮಾಣಿಕವಾಗಿ ದುಡಿದಿರುತ್ತಾರೆ, ಅಕ್ಷರ ಶುದ್ಧಿಯಲ್ಲಿ ನಿಪುಣರಿರುತ್ತಾರೆ ಎಂದು ಪ್ರೆಸ್ಸಿನ ಕಾಗದದಲ್ಲಿ ಬರೆದು ಸಹಿ ಹಾಕಿದರು. ಹೆಸರಿನ ಜಾಗದಲ್ಲಿ ಎಸ್. ಕರ್ನೇಲಿಯೊ.

ಎಂಬತ್ತಾರರ ದೀಪಾವಳಿ ಕಳೆದು ಅವನು ಕಾರ್ಕಳಕ್ಕೆ ಹೋದ. ಮೊದಲ ದಿನ ಷರ್ಟು ಪ್ಯಾಂಟಿನಲ್ಲಿ ಪ್ರೆಸ್ಸಿನ ಮೆಟ್ಟಿಲು ಹತ್ತಿ ಹೋಗಿ ಶಿಫಾರಸು ಕಾಗದ ಕೊಟ್ಟ. ಒಳಗಿದ್ದವರು ಯಾರೂ ಎದ್ದು ನಿಲ್ಲಲಿಲ್ಲ, ನಗಲಿಲ್ಲ. ಧಣಿ ಕಾಗದ ಓದಿ, "ಆ ಅಕ್ಷರದ ಕೇಸಿನ ಹತ್ತಿರ ಕೂತುಕೊಳ್ಳಿ, ಬೆಳಕು ಚೆನ್ನಾಗುಂಟು" ಎಂದರು. ಊಟದ ಹೊತ್ತಿಗೆ ಒಬ್ಬ, "ಗಡ್ಡ ಬರಲಿಲ್ಲವಾ ಇನ್ನೂ?" ಎಂದು ತಮಾಷೆ ಮಾಡಿದ. "ನಮ್ಮ ಮನೆಯಲ್ಲಿ ತಡ" ಎಂದ ಸ್ಟ್ಯಾನಿ. ಅಲ್ಲಿಗೆ ಮುಗಿಯಿತು.

ಕಷ್ಟಗಳು ಬೇರೆ ಇದ್ದವು. ಬಾಡಿಗೆ ಕೋಣೆಗೆ ಬಚ್ಚಲು ಪ್ರತ್ಯೇಕ ಬೇಕು, ಅಂಥದ್ದು ಸಿಗಲು ಮೂರು ವಾರ ಬೇಕಾಯಿತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕೆಮ್ಮಣ್ಣಿನ ಹೆಂಗಸೊಬ್ಬಳು ಕಂಡು, ಹತ್ತಿರ ಬಂದು, ಮುಖ ನೋಡಿ, ಶಿಲುಬೆಯ ಗುರುತು ಹಾಕಿಕೊಂಡು ಹೋದಳು. ಅದು ಊರಿಗೆ ಮುಟ್ಟಿತು. ಜಾರ್ಜ್ ಬೊಂಬಾಯಿಯಿಂದ ತಾಯಿಗೆ ಬಿರುಸಾದ ಕಾಗದ ಬರೆದ. ಬರ್ತಾಬಾಯಿ ಅದಕ್ಕೆ ಉತ್ತರ ಬರೆಸಿದ್ದು ಎರಡೇ ಸಾಲು: 'ನಾನು ಡಾಕ್ಟರ ಹತ್ತಿರ ಹೋಗಿ ಕೇಳಿ ತಿಳಿದಿದ್ದೇನೆ. ನೀನು ಕೇಳದೆ ಬರೆಯಬೇಡ.'

ಬುಧವಾರ ತಪ್ಪಲಿಲ್ಲ. ಕಾರ್ಕಳದಿಂದ ಮಣಿಪಾಲಕ್ಕೆ ತಿಂಗಳಿಗೆ ಎರಡು ಸಲ ಬರುತ್ತಿದ್ದ. ವರ್ಷ ತುಂಬಿದಾಗ ನಳಿನಾಕ್ಷಿ ಬರೆದ ನಾಲ್ಕು ಪುಟದ ಕಾಗದವನ್ನು ಅವನ ಎದುರೇ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. "ತಪ್ಪಿದ್ದರೆ ಹೇಳಿ." ಒಂದು ಕಡೆ, ಇವರು ತುಂಬ ದುಃಖಿ ಎಂದಿತ್ತು. "ದುಃಖಿ ಅಲ್ಲ ಮೇಡಂ" ಎಂದ ಸ್ಟ್ಯಾನಿ. "ಕಾದು ಕಾದು ಸುಸ್ತಾದವನು." ಅವರು ಅದನ್ನು ಹೊಡೆದು ಹಾಗೆಯೇ ಬರೆದರು.

ಇಂಜೆಕ್ಷನ್ ಶುರುವಾಗಿ ನಾಲ್ಕು ತಿಂಗಳಿಗೆ ಗಂಟಲು ಒಡೆಯಿತು. ಎಂಬತ್ತೆಂಟರ ಡಿಸೆಂಬರಿನಲ್ಲಿ ಎದೆಯ ಆಪರೇಷನ್ನಿಗೆಂದು ಬೊಂಬಾಯಿಗೆ ಹೊರಟಾಗ ಬರ್ತಾಬಾಯಿಯೂ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತರು. ಎರಡು ಹಗಲು ಒಂದು ರಾತ್ರಿಯ ಪ್ರಯಾಣ. ಆಸ್ಪತ್ರೆಯಲ್ಲಿ ಜ್ಞಾನ ಬಂದು ಸ್ಟ್ಯಾನಿ ಮೊದಲು ಕೇಳಿಸಿಕೊಂಡದ್ದು ತಾಯಿ ನರ್ಸಿನ ಹತ್ತಿರ ಹರಕು ಹಿಂದಿಯಲ್ಲಿ ಜಗಳ ಮಾಡುತ್ತಿದ್ದದ್ದು. ಗಂಜಿಗೆ ಉಪ್ಪಿಲ್ಲವಂತೆ. ಅವನು ಕಣ್ಣು ತೆರೆದದ್ದು ಕಂಡು ಹತ್ತಿರ ಬಂದು, "ಪುತಾ, ನೀರು ಬೇಕಾ?" ಎಂದರು. ಮಗನೇ, ಎಂದು. ಬಾಯಿ ತಪ್ಪಿ ಬಂದದ್ದಲ್ಲ, ಯೋಚಿಸಿ ಆಡಿದ್ದೂ ಅಲ್ಲ. ನೀರು ಕುಡಿಸಿ ಅವರು ಮತ್ತೆ ನರ್ಸಿನ ಕಡೆ ತಿರುಗಿದರು. ಮೂರನೆಯ ದಿನ ಜಾರ್ಜ್ ಬಂದ. ಹಾಸಿಗೆಯ ಬುಡದಲ್ಲಿ ನಿಂತು ಮೋಸಂಬಿಯ ಚೀಲ ಇಟ್ಟು, ಬಸ್ಸಿಗೆ ಟಿಕೆಟು ಆಗಿದೆಯೇ ಎಂದು ಕೇಳಿ ಹೋದ. ಅಷ್ಟಾದರೂ ಬಂದ.

ಮರುವರ್ಷ ಮಾರ್ಚಿನಲ್ಲಿ ನಳಿನಾಕ್ಷಿ ಅವನಲ್ಲಿ ಒಂದು ಸಹಾಯ ಕೇಳಿದರು. ಇನ್ನಂಜೆಯಲ್ಲಿ ವೇದಾವತಿ ಎಂಬ ಹೆಂಗಸು, ಶಾಲೆಯಲ್ಲಿ ಟೀಚರು. ಅವರ ಮಗ ಎಂದು ಊರು ತಿಳಿದಿರುವ ಹತ್ತೊಂಬತ್ತರ ಚಂದು, ತಾನು ಹುಡುಗಿ ಎಂದು ತಾಯಿಯ ಎದುರು ಬಾಯಿಬಿಟ್ಟಿದ್ದಾಳೆ. ಮಣಿಪಾಲಕ್ಕೆ ಬರಲು ಒಪ್ಪುತ್ತಿಲ್ಲ. "ನೀವು ಹೋಗಲೇಬೇಕು ಅಂತ ಇಲ್ಲ. ಇಷ್ಟ ಇದ್ದರೆ ಒಮ್ಮೆ ಹೋಗಿ ಕೂತು ಬನ್ನಿ."

ಭಾನುವಾರ ಅವನು ಕಾಪುವಿಗೆ ಬಂದು, ಅಲ್ಲಿಂದ ಇನ್ನಂಜೆಯ ಬಸ್ಸು ಹಿಡಿದ. ವೇದಾವತಿ ಟೀಚರು ಬೆಲ್ಲ ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಅವನ ಗಡ್ಡವನ್ನು ಕದ್ದು ಕದ್ದು ನೋಡಿದರು, ಮಜ್ಜಿಗೆ ತರುತ್ತೇನೆಂದು ಒಳಗೆ ಹೋದರು. ಬಾಗಿಲಿಗೆ ಒರಗಿ ನಿಂತಿದ್ದ ಚಂದುವಿಗೆ ಉದ್ದ ಬೆರಳುಗಳು, ಒಂದರ ಉಗುರಿನಲ್ಲಿ ಕೆರೆದು ತೆಗೆದ ಕೆಂಪು ಬಣ್ಣದ ಚೂರು. ಇಬ್ಬರೂ ಗದ್ದೆಯ ಬದುವಿನಲ್ಲಿ ನಡೆಯುತ್ತ ಹೋದರು. ಎರಡನೆಯ ಬೆಳೆಯ ಉದ್ದು ಬಲಿತಿತ್ತು.

"ನಾನು ಆಗಲೇ ಇಬ್ಬರು ಡಾಕ್ಟರನ್ನು ನೋಡಿ ಆಯಿತು" ಎಂದಳು ಚಂದು. "ಇನ್ನು ಯಾರ ಎದುರೂ ಮೊದಲಿನಿಂದ ಹೇಳಲಿಕ್ಕೆ ನನಗೆ ಮನಸ್ಸಿಲ್ಲ."

"ಹೇಳಬೇಡ" ಎಂದ ಸ್ಟ್ಯಾನಿ. "ಇವತ್ತು ನನಗೂ ಹೇಳಬೇಡ. ಹಸಿವಾಗ್ತದಾ? ಕಾಪುವಿನಲ್ಲಿ ಗೋಳಿಬಜೆ ಒಳ್ಳೆದು ಸಿಗ್ತದೆ ಅಂತ ಬಸ್ಸಿನಲ್ಲಿ ಯಾರೋ ಹೇಳಿದರು."

ಚಂದು ಅವನ ಮುಖ ನೋಡಿ, ಅದು ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡಳು. "ಬಸ್‌ಸ್ಟ್ಯಾಂಡಿನ ಎದುರಿನದ್ದು ಬೇಡ" ಎಂದಳು. "ಎಣ್ಣೆ ಸರಿ ಇಲ್ಲ. ಪೇಟೆಯೊಳಗೆ ಇನ್ನೊಂದುಂಟು. ಅಮ್ಮನಿಗೆ ಹೇಳಿ ಬರ್ತೇನೆ, ನಿಲ್ಲಿ."

ಅವಳು ಮನೆಯ ಕಡೆಗೆ ಓಡಿದಳು. ಸ್ಟ್ಯಾನಿ ಬದುವಿನ ಮೇಲೆ ನಿಂತು ಕಾದ.